ಎಲ್ಲಿಗೆ ಎಂದು ಕೇಳದ ಊರು

ನಾನು ಓದು ನಿಲ್ಲಿಸಿದ್ದು ೧೯೫೩ರಲ್ಲಿ, ಮಿಡ್ಲ್ ಸ್ಕೂಲಿನ ಎರಡನೆಯ ವರ್ಷದಲ್ಲಿ. ದಡ್ಡನಾಗಿ ಬಿಟ್ಟವನಲ್ಲ. ಮಗ್ಗಿ ಒಪ್ಪಿಸುವುದರಲ್ಲಿ ನನ್ನ ಸರಿಸಮ ಇನ್ನೊಬ್ಬನಿರಲಿಲ್ಲ. ಅಪ್ಪ ತೀರಿಕೊಂಡರು, ಹೊಲಕ್ಕೆ ಕೈ ಬೇಕಿತ್ತು, ಬಿಟ್ಟೆ. ಅವ್ವ ಅದಕ್ಕೆ ಅಳಲಿಲ್ಲ. ಅತ್ತವಳು ಅಕ್ಕ. ಅವಳು ಶಾಲೆಯ ಒಳಗೆ ಕಾಲಿಟ್ಟವಳಲ್ಲ. "ನೀನು ಮೇಷ್ಟ್ರಾಗ್ತೀಯ, ನಾನು ನಿನ್ ಊಟ ಹೊತ್ಕಂಡು ಬತ್ತೀನಿ ಅಂದ್ಕಂಡಿದ್ದೆ ಕಣೋ" ಎಂದು ನನ್ನ ಜೊತೆ ಮಾತು ಬಿಟ್ಟಿದ್ದಳು, ನಾನೇ ಏನೋ ತಪ್ಪು ಮಾಡಿದವನ ಹಾಗೆ.

ಹಳೇಬೀಡಿನಿಂದ ಜಾವಗಲ್ ಕಡೆಗೆ ಹೋಗುವ ರಸ್ತೆ ಬಿಟ್ಟು ಒಳಗೆ ನಡೆದರೆ ನಮ್ಮ ಊರು. ಊರು ಅನ್ನುವುದಕ್ಕಿಂತ ಕೆರೆಯ ಅಂಗಳದ ನಡುವೆ ಎದ್ದು ನಿಂತ ಒಂದು ದಿಬ್ಬ, ಅದರ ಮೇಲೆ ಬೆರಳೆಣಿಕೆಯ ಮನೆಗಳು. ಬೇಸಿಗೆಯಲ್ಲಿ ಗಾಡಿ ಓಡಾಡುತ್ತಿತ್ತು. ಕೆರೆ ತುಂಬಿದ ವರ್ಷ ನಾಲ್ಕೂ ಕಡೆ ನೀರು, ಊರು ನಡುಗಡ್ಡೆ. ಆಗ ಆಚೆ ದಡಕ್ಕೆ ಹರಿಗೋಲೇ ಗತಿ. ಸುತ್ತಿನವರು ನಮ್ಮನ್ನು ಗಡ್ಡೆಯೋರು ಅಂತಲೇ ಕರೆಯುತ್ತಿದ್ದರು. "ಗಡ್ಡೆಯೋರಿಗೆ ಹೆಣ್ ಕೊಟ್ರೆ ಮಗಳು ಹಬ್ಬಕ್ಕೆ ಈಜ್ಕಂಡ್ ಬರಬೇಕು" ಅನ್ನುವುದು ಅವರ ಹಳೆಯ ನಗೆಚಾಟಿಕೆ. ಹಾಗೆ ನಗುವ ಊರೊಂದರಿಂದಲೇ ಭಾವ ನಮ್ಮ ಮನೆಗೆ ಮನೆಯಳಿಯನಾಗಿ ಬಂದ. ಅವನು ಬಂದ ಮೇಲೆ ಹೊಲ ಅವನ ಕೈಗೆ ಹೋಯಿತು. ನಾನು ಅರಸೀಕೆರೆಗೆ ಹೋಗಿ ಕೊಬ್ಬರಿ ಮಂಡಿಯಲ್ಲಿ ಹಮಾಲಿಯಾದೆ. ಮೂಟೆ ಹೊತ್ತಿದ್ದಕ್ಕೆ ನನಗೆ ಎಂದೂ ನಾಚಿಕೆಯಾಗಿಲ್ಲ. ಮಂಡಿಗೆ ರಜೆ ಬಿದ್ದಾಗ ಊರಿಗೆ ಬರುತ್ತಿದ್ದೆ; ಯಾವ ದಿನ ಬೀಳುತ್ತದೆಂದು ಮನೆಯವರಿಗೆ ಗೊತ್ತಿರುತ್ತಿರಲಿಲ್ಲ.

ಹೊರಟವರನ್ನು "ಎಲ್ಲಿಗೆ" ಎಂದು ಕೇಳಬಾರದು ಎನ್ನುವುದು ನಮ್ಮ ಸೀಮೆಯಲ್ಲೆಲ್ಲ ಇದ್ದದ್ದೇ. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಬೇರೆ ಊರಿನಲ್ಲಾದರೆ ಯಾರಾದರೂ ಬಾಯಿತಪ್ಪಿ ಕೇಳಿದಾಗ ಒಂದು ಗಳಿಗೆ ಕೂತು, ನೀರು ಕುಡಿದು ಮತ್ತೆ ಹೊರಡುತ್ತಾರೆ. ನಮ್ಮ ಗಡ್ಡೆಯಲ್ಲಿ ಅದಕ್ಕೂ ಪರಿಹಾರವಿರಲಿಲ್ಲ. ನೀರು ದಾಟುವವರನ್ನು ಕೇಳಿದರೆ ಹರಿಗೋಲು ಮಗುಚುತ್ತದೆ ಎಂದು ನಂಬಿದ್ದೆವು. ಹೋಗುವವರು "ಹೋಗ್ಬತ್ತೀನಿ" ಅನ್ನಬೇಕು, ಇರುವವರು "ಹೂಂ, ಬಾ" ಅನ್ನಬೇಕು. ಎಲ್ಲಿಗೆ ಹೋಗಿದ್ದರೆಂಬುದು ಬಂದ ಮೇಲಿನ ಮಾತು.

ಅರವತ್ತರ ಈಚೆಗೆ ಕೆರೆ ಕೋಡಿ ಬಿದ್ದ ಒಂದು ವರ್ಷ, ಗೌರಿ ಹಬ್ಬ ಕಳೆದ ಮೇಲೆ, ಅಕ್ಕ ಭಾವ ಇಬ್ಬರೂ ಬೆಳಿಗ್ಗೆಯೇ ಹೊರಟರು. ಅಕ್ಕ ಧಾರೆ ಸೀರೆ ಉಟ್ಟಿದ್ದಳು. ಭಾವನ ಹೆಗಲಲ್ಲಿ ರೊಟ್ಟಿಯ ಗಂಟು. ಹರಿಗೋಲು ಹಾಕುತ್ತಿದ್ದವರು ನಮ್ಮ ದೊಡ್ಡಪ್ಪ. ಅವರು ಸಾಯುವವರೆಗೂ ಆ ಬೆಳಗಿನ ಮಾತನ್ನು ಹೇಳುತ್ತಲೇ ಇದ್ದರು.

"ಏನಪ್ಪಾ ಅಳಿಮಯ್ಯ, ಮದುವೆ ಗಂಡಿನಂಗೆ ಹೊಂಟಿದೀಯ?"

"ಹಳೇ ಹೆಂಡ್ತಿಗೆ ಹೊಸ ಗಂಡ ಕಣ್ ಮಾವ" ಅಂದನಂತೆ ಭಾವ.

"ಥೂ, ದೊಡ್ಡೋರ ಮುಂದೆ!" ಎಂದು ಅಕ್ಕ ಅವನ ಬೆನ್ನಿಗೆ ಗುದ್ದಿದಳಂತೆ. ಹರಿಗೋಲು ಅಲುಗಾಡಿ ಮೂವರೂ ನಕ್ಕರಂತೆ.

ಮದುವೆಯಾಗಿ ಇಷ್ಟು ವರ್ಷವಾದರೂ ಅವರಿಗೆ ಮಕ್ಕಳಾಗಿರಲಿಲ್ಲ. ಯಾವುದೋ ದೇವರ ಹರಕೆಗೆ ಹೊರಟಿದ್ದಾರೆ ಎಂದು ಅವ್ವ ಅಂದುಕೊಂಡಳು. ಹರಕೆಗೆ ಹೊರಟವರನ್ನಂತೂ ಕೇಳಲೇಬಾರದು. ಅಕ್ಕ ಹೇಳಿಹೋದದ್ದು ಇಷ್ಟೆ: "ಎಮ್ಮೆಗೆ ನೀರಿಟ್ಟಿದೀನಿ. ಸಾರು ಒಲೆ ಮ್ಯಾಲೈತೆ. ಹೋಗ್ಬತ್ತೀವಿ ಕಣವ್ವ."

ಅವತ್ತು ನನ್ನ ರಜೆಯ ದಿನ. ಮಧ್ಯಾಹ್ನ ಊರು ಮುಟ್ಟಿದವನು ಆ ಸಾರಿನಲ್ಲೇ ಮುದ್ದೆ ಉಂಡೆ. "ಎಲ್ಲವ್ವಾ ಅಕ್ಕ?" ಅಂದರೆ, "ಹೋಗವ್ರೆ, ಬತ್ತಾರೆ" ಅಂದಳು ಅವ್ವ.

ಅವರು ಬರಲಿಲ್ಲ.

ಮೊದಮೊದಲು ಯಾರೂ ಗಾಬರಿಯಾಗಲಿಲ್ಲ. ನೆಂಟರ ಮನೆಯಲ್ಲಿ ಉಳಿದಿರಬೇಕು, ಮಳೆಗೆ ಬಸ್ಸು ನಿಂತಿರಬೇಕು. ಮಹಾಲಯ ಅಮಾವಾಸ್ಯೆ ಬಂದಾಗ ಅವ್ವ ನನಗೆ ಹೇಳಿಕಳಿಸಿದಳು. ನಾನು ಮಂಡಿ ಬಿಟ್ಟು ಬಂದೆ. ಗಡ್ಡೆಯ ಗಂಡಸರೆಲ್ಲ ದಾರಿ ಹಂಚಿಕೊಂಡರು. ಒಬ್ಬರು ಭಾವನ ಊರಿಗೆ, ಒಬ್ಬರು ಕಣಕಟ್ಟೆಯ ನೆಂಟರಲ್ಲಿಗೆ, ಇನ್ನಿಬ್ಬರು ಗುಡ್ಡದ ದೇವರುಗಳ ಕಡೆಗೆ. ಬೇಲೂರು ನನ್ನ ಪಾಲಿಗೆ. ಅರಸೀಕೆರೆಗೆ ಯಾರೂ ಹೋಗಬೇಕಿಲ್ಲ ಎಂದವನು ನಾನೇ. ಅಕ್ಕ ಅರಸೀಕೆರೆಗೆ ಕಾಲಿಟ್ಟು ನನ್ನನ್ನು ನೋಡದೆ ಹೋಗುವುದುಂಟೆ? ಊರೆಲ್ಲ ಹೌದು ಅಂದಿತು.

ಹಳೇಬೀಡಿನ ಬಸ್ಸು ನಿಲ್ಲುವ ಕಡೆ ಹೋಟೆಲಿನವನು ಅವರನ್ನು ನೋಡಿದ್ದ. ಮರದಡಿ ಕೂತಿದ್ದರಂತೆ. ಯಾವ ಬಸ್ಸು ಹತ್ತಿದರೋ ಅವನು ಗಮನಿಸಿರಲಿಲ್ಲ. ನಾನು ಬೇಲೂರಿಗೆ ಹೋಗಿ ಗುಡಿಯ ಅಂಗಳ, ಸಂತೆ, ಛತ್ರ ಎಲ್ಲ ಸುತ್ತಿದೆ. ಯಗಚಿ ಹೊಳೆಯ ದಡದಲ್ಲಿ ಬಟ್ಟೆ ಒಗೆಯುವ ಹೆಂಗಸರನ್ನೂ ಕೇಳಿದೆ. "ಹೆಣ ಏನಾರ ತೇಲಿ ಬಂತಾ" ಎಂದು ಕೇಳಬೇಕಲ್ಲ, ಒಡಹುಟ್ಟಿದವಳ ಬಗ್ಗೆ ಹೇಗೆ ಕೇಳುವುದು? "ಯಾರಾದ್ರೂ ಸಿಕ್ಕಿದ್ರಾ" ಎನ್ನುತ್ತಿದ್ದೆ. ಅವರಿಗೆ ಅರ್ಥವಾಗುತ್ತಿತ್ತು.

ಠಾಣೆಗೂ ಹೋದೆ. ಅಲ್ಲಿದ್ದ ಪೊಲೀಸಿನವರು ವಯಸ್ಸಾದವರು.

"ಫೋಟೋ ಐತಾ?"

"ಇಲ್ಲ ಸ್ವಾಮಿ. ತೆಗೆಸಿಲ್ಲ."

"ಎಲ್ಲಿಗೆ ಹೋಗ್ತೀವಿ ಅಂದಿದ್ರು?"

"ಕೇಳ್ಲಿಲ್ಲ."

"ಊರಿಗೆ ಊರೇ ಇದ್ದೀರಿ, ಒಬ್ಬನಿಗೂ ಬಾಯಿರಲಿಲ್ವೇನಯ್ಯ?" ಎಂದು ರೇಗಿದರು. ಆಮೇಲೆ "ನಮ್ಮಮ್ಮನೂ ಕೇಳಲ್ಲ ಬಿಡು" ಅಂದರು. ನನಗೆ ಅದುವರೆಗೂ ಬರದ ಅಳು ಆಗ ಬಂತು.

ದೀಪಾವಳಿ ಕಳೆದ ಮೇಲೆ ಹೊಟ್ಟೆಪಾಡಿಗೆ ಮಂಡಿಗೆ ಹಿಂದಿರುಗಿದೆ. ಮಂಡಿಯ ಬಾಗಿಲ ಎದುರು ಬಾಳೆಹಣ್ಣು ಮಾರುವ ಮುದುಕಿಯೊಬ್ಬಳು ಕೂರುತ್ತಿದ್ದಳು. ಅಕ್ಕ ಹೋದ ಮಾರನೆಯ ದಿನವೇ ಮಗಳ ಬಾಣಂತನಕ್ಕೆಂದು ಹೋದವಳು ನಾನು ಮಂಡಿ ಬಿಟ್ಟ ಮೇಲಷ್ಟೇ ವಾಪಸಾಗಿದ್ದಳು. ನನ್ನನ್ನು ಕಂಡೊಡನೆ ಬೈದಳು.

"ಎಲ್ಲೋಗಿದ್ಯೋ ಇಷ್ಟು ದಿನ? ನಿಮ್ಮಕ್ಕ ಬಂದಿದ್ಲು ಕಣೋ. ಗಡ್ಡೆಯೋನು ಎಲ್ಲವ್ನೆ ಅಂತ ಕೇಳಿದ್ಲು. ಇವತ್ತು ಮಂಡಿ ರಜ ಕಣವ್ವ, ಅವ್ನು ಊರಿಗೆ ಹೋಗವ್ನೆ ಅಂದೆ. 'ನೋಡು, ನಾವ್ ಇವ್ನ ನೋಡೋಕ್ ಬಂದ್ರೆ ಇವ್ನು ನಮ್ಮನ್ನ ನೋಡೋಕ್ ಹೋಗವ್ನೆ' ಅಂತ ಗಂಡ ಹೆಂಡ್ತಿ ಇಬ್ರೂ ನಕ್ಕಿದ್ದೇ ನಕ್ಕಿದ್ದು. ಹಣ್ ತಗಂಡ್ರು. ಬತ್ತಾ ನೋಡ್ತೀವಿ ಅಂದು ಟೇಷನ್ ಕಡೀಕೆ ಹೋದ್ರು."

ಅವಳ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತೆ. "ಯಾವ ಕಡೆ ರೈಲಿಗಜ್ಜಿ? ಹುಬ್ಬಳ್ಳಿ ಕಡೇಗೋ, ಮೈಸೂರು ಕಡೇಗೋ, ಬೆಂಗಳೂರಿಗೋ?"

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹೊಂಟೋರ್ನ ಹಂಗೆಲ್ಲ ಕೇಳ್ತಾರೇನೋ?"

ನಾವು ಹುಡುಕಿದ ದಿನಗಳೆಲ್ಲ ತಪ್ಪು ದಿಕ್ಕಿನಲ್ಲಿ ಕಳೆದುಹೋಗಿದ್ದವು. ಆಮೇಲೆ ಕೈಲಾದಾಗಲೆಲ್ಲ ರೈಲು ಹತ್ತಿದೆ. ಒಂದೊಂದು ಸಲ ಒಂದೊಂದು ಕಡೆಗೆ. ಜಾತ್ರೆಯ ದೇವರು, ಬೆಟ್ಟದ ದೇವರು, ಮಕ್ಕಳ ಫಲ ಕೊಡುವ ದೇವರು ಎಲ್ಲೆಲ್ಲಿ ಇದೆಯೆಂದರೆ ಅಲ್ಲಲ್ಲಿ ಇಳಿದೆ. ಗುಂಪಿನಲ್ಲಿ ಯಾರ ಬೆನ್ನು ಅಕ್ಕನಂತೆ ಕಂಡರೂ ಮುಂದೆ ಓಡಿ ಮುಖ ನೋಡುತ್ತಿದ್ದೆ. ಎರಡು ಸಲ ಹೊಡೆಸಿಕೊಂಡಿದ್ದೇನೆ.

ಅವ್ವನಿಗೆ ಬಾಳೆಹಣ್ಣಿನ ಮುದುಕಿಯ ಮಾತು ಹೇಳಿದಾಗ ಅವಳು ಒಂದೇ ಮಾತು ಕೇಳಿದಳು: "ನಗ್ತಿದ್ರಂತಾ?" ಹೌದು ಅಂದೆ. ಮಾರನೆಯ ದಿನದಿಂದ ಅವ್ವ ಹರಿಗೋಲು ಕಟ್ಟುವ ಕಡೆ ಹೋಗಿ ಕೂರತೊಡಗಿದಳು. ಹೊರಟವರೆಲ್ಲರ ಸೆರಗು, ಪಂಚೆ ಹಿಡಿದು "ಎಲ್ಲಿಗೆ?" ಎಂದು ಕೇಳುವಳು. ಜನ ಬೆಚ್ಚಿಬಿದ್ದರು. ಹೆಣ್ಣು ನೋಡಲು ಹೊರಟವರೊಬ್ಬರು "ಅಪಶಕುನದ ಮುದುಕಿ, ಮಗಳನ್ನ ನುಂಗ್ಕಂಡಿದ್ದು ಸಾಲ್ದಾ" ಎಂದು ಬೈದು ಮನೆಗೆ ವಾಪಸಾದರು. ಅವ್ವ ಜಗ್ಗಲಿಲ್ಲ. "ಬಯ್ಯಿ ಮಗ. ಬೈದು ಹೇಳು, ಎಲ್ಲಿಗೆ?" ಅನ್ನುವಳು. ದೊಡ್ಡಪ್ಪನೇ ಮೊದಲು ಸೋತದ್ದು. ಅವ್ವ ಕೇಳುವವರೆಗೆ ಅವರು ಹರಿಗೋಲಿನ ಹಗ್ಗ ಬಿಚ್ಚುತ್ತಿರಲಿಲ್ಲ. ಬರಬರುತ್ತಾ ಗಡ್ಡೆಯವರು ಕೇಳುವ ಮೊದಲೇ ಹೇಳುವುದನ್ನು ಕಲಿತರು. ಹರಿಗೋಲು ಒಂದೂ ಮಗುಚಲಿಲ್ಲ. ಅದನ್ನು ಕಂಡಾಗಲೆಲ್ಲ ನನಗೆ ಸಂಕಟ ಹೆಚ್ಚುತ್ತಿತ್ತೇ ಹೊರತು ಸಮಾಧಾನವಾಗಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ಭಾವನ ಅಣ್ಣ ಬಂದರು. ಅವರ ಮನೆಯಲ್ಲಿ ಮದುವೆಯ ಮಾತು ನಡೆದಿತ್ತು. ಹೋದವರದು ಒಂದು ತೀರ್ಮಾನವಾಗದೆ ಶುಭಕಾರ್ಯ ಬೇಡವೆಂದು ಅವರ ಹಿರಿಯರು ಹೇಳಿದ್ದರು.

"ಹುಲ್ಲಿನ ಬೊಂಬೆ ಎರಡು ಮಾಡಿ ಸುಟ್ಟು, ತಿಥಿ ಮುಗಿಸ್ಬಿಡಾನ ಕಣತ್ತೆ. ಆತ್ಮಕ್ಕೆ ಒಂದು ದಾರಿ ಆಯ್ತದೆ" ಅಂದರು. ಅವರ ಕಣ್ಣೂ ಒದ್ದೆಯಾಗಿತ್ತು.

ಅವ್ವ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟಳು. "ಎಲ್ಲಿಗೋದ್ರು ಅಂತ ಗೊತ್ತಿಲ್ದೋರನ್ನ ಎಲ್ಲೀಗಪ್ಪಾ ಕಳಿಸ್ತೀಯ?"

ಅವರು ಭಾವನ ಬೊಂಬೆಯನ್ನು ತಮ್ಮ ಊರಿನಲ್ಲೇ ಸುಟ್ಟರು. ನಾನು ಹೋಗಿ ಹಿಂದೆ ನಿಂತಿದ್ದು ಬಂದೆ. ಅಕ್ಕನದು ಆಗಲಿಲ್ಲ. ಅವ್ವ ಸಾಯುವ ಮುಂಚೆ ಅಕ್ಕನ ತಿಥಿ ಮಾಡಬೇಡವೆಂದು ನನ್ನಿಂದ ಮಾತು ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳುವ ಅಗತ್ಯ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಪಿತೃಪಕ್ಷದಲ್ಲಿ ಅಪ್ಪನಿಗೆ, ಅವ್ವನಿಗೆ, ದೊಡ್ಡಪ್ಪನಿಗೆ ಎಡೆ ಇಡುತ್ತೇನೆ. ಅಕ್ಕನಿಗೆ ಇಡುವುದಿಲ್ಲ. ನೆಂಟರು ಈಗಲೂ ಆ ಮಾತು ತೆಗೆಯುತ್ತಾರೆ. ಓದದ ಮೊಂಡ ಅಂದುಕೊಳ್ಳಲಿ.

ಈಗ ನನಗೆ ಇರುವುದು ಇಷ್ಟು: ಎರಡು ಎಕರೆ ಹೊಲ, ಎಪ್ಪತ್ತು ತೆಂಗಿನ ಮರ, ಒಂದು ಹಂಚಿನ ಮನೆ, ಒಂದು ಜೊತೆ ಎತ್ತು, ಹೆಂಡತಿ, ಮೂರು ಜನ ಮಕ್ಕಳು, ಒಬ್ಬಳು ಅಕ್ಕ.