ಚಿಕ್ಕಮ್ಮ ಹಾಡು ನಿಲ್ಲಿಸಲಿಲ್ಲ

ಭಾನುವಾರ ಸಂಜೆಗಳಲ್ಲಿ ಚಿಕ್ಕಮ್ಮನ ಎಡಗಿವಿ ಬೋಳಾಗಿರುತ್ತಿತ್ತು. ಆ ಕಿವಿಯ ಓಲೆಯನ್ನು ಬಿಚ್ಚಿ, ಕುರ್ತಾದ ಕತ್ತುಪಟ್ಟಿಗೆ ಚುಚ್ಚಿ, ಒಳಗಿನಿಂದ ತಿರುಪು ಹಾಕಿಕೊಳ್ಳುತ್ತಿದ್ದರು. ಹೆಡ್‌ಫೋನ್ ಒತ್ತಿ ಒತ್ತಿ ಕಿವಿಯ ಮೇಲಂಚು ಸ್ವಲ್ಪ ಮಡಚಿಕೊಂಡಿತ್ತು. ಎಡಗಿವಿ ಮುಂದಿನ ಹಾಡಿಗೆ, ಬಲಗಿವಿ ಹಾಲ್‌ಗೆ.

ಅವರು ನನ್ನ ಅಮ್ಮನ ತಂಗಿ. ವಾರವಿಡೀ ವಿಮಾ ಕಚೇರಿ. ಭಾನುವಾರ ಮಾತ್ರ ಚೆನ್ನೈಯ ಸಾಲ್ಸಾ ನೃತ್ಯದ ಸೋಶಿಯಲ್‌ಗಳಲ್ಲಿ ಹಾಡು ಹಾಕುವ ಡಿಜೆ. ಸೋಶಿಯಲ್ ಎಂದರೆ ಪ್ರದರ್ಶನವಲ್ಲ, ಸ್ಪರ್ಧೆಯಲ್ಲ. ಯಾರು ಬೇಕಾದರೂ ಯಾರನ್ನಾದರೂ ಕರೆದು ಒಂದು ಹಾಡಿಗೆ ಕುಣಿಯಬಹುದು, ಹಾಡು ಮುಗಿದಾಗ ಜೊತೆ ಬದಲಾಗುತ್ತದೆ. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವರೂ ಅವರೇ.

ಹಾಲ್ ನೋಡದೆ ಅವರು ಹಾಡು ಆರಿಸುತ್ತಿರಲಿಲ್ಲ. ಖಾಲಿ ಹಾಲ್‌ನ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ, ಸದ್ದು ಗೋಡೆಯಿಂದ ಹೇಗೆ ವಾಪಸು ಬರುತ್ತದೆಂದು ಕೇಳುತ್ತಿದ್ದರು. ಬಂದವರು ಕಡಿಮೆ ಇದ್ದರೆ ವೇಗದ ಹಾಡುಗಳ ಮಧ್ಯೆ ನಿಧಾನದವು ಹೆಚ್ಚು ಬರುತ್ತಿದ್ದವು. “ಜನ ಕಮ್ಮಿ ಇದ್ರೆ ಅದೇ ಕಾಲುಗಳು ಎಲ್ಲ ಹಾಡಿಗೂ ಕುಣಿಬೇಕಲ್ಲ, ಪಾಪ. ಉಸಿರು ಬಿಡ್ಲಿಕ್ಕೂ ಒಂದು ಹಾಡು ಬೇಡವಾ?” ದೊಡ್ಡ ಹಾಲ್ ತುಂಬಿದಾಗ ವೇಗ ಏರಿಸುತ್ತಿದ್ದರು, ಅಲ್ಲಿ ದಣಿದವರು ಗೋಡೆಗೆ ಸರಿದರೆ ಬೇರೆಯವರು ಬರುತ್ತಾರೆ. ಸಣ್ಣ ಜಾಗದಲ್ಲಿ ಜನ ಕಿಕ್ಕಿರಿದರೆ ಮತ್ತೆ ನಿಧಾನ, ಒಬ್ಬರ ಮೊಣಕೈ ಇನ್ನೊಬ್ಬರ ಮೂಗಿಗೆ ತಾಗಬಾರದೆಂದು. “ಪಂಕ್ತಿಯಲ್ಲಿ ಎಷ್ಟು ಜನ ಉಂಟು ಅಂತ ನೋಡದೆ ಸಾರು ಬಡಿಸ್ತಾರಾ?” ಎನ್ನುತ್ತಿದ್ದರು. ಉಡುಪಿ ಕಡೆಯಿಂದ ಬಂದು ಹೋಟೆಲ್ ಇಟ್ಟ ಮನೆಯ ಸೊಸೆ, ಹೋಲಿಕೆಗಳೆಲ್ಲ ಅಡುಗೆಮನೆಯವೇ.

ಮೇಜಿನ ಮೇಲೆ ಒಂದು ಸ್ಟೀಲ್ ಲೋಟದಲ್ಲಿ ನೀರು ಇರಲೇಬೇಕು. ಕುಡಿಯಲಿಕ್ಕಲ್ಲ. ಸ್ಪೀಕರಿನ ಗುಡುಗಿಗೆ ನೀರು ನಡುಗುವುದನ್ನು ನೋಡಿ ಸದ್ದು ಹದ ಮಾಡುತ್ತಿದ್ದರು. ಜನ ತುಂಬಿದಷ್ಟೂ ಮೈಗಳು ಸದ್ದನ್ನು ಕುಡಿದುಬಿಡುತ್ತವೆ, ಆಗ ಸ್ವಲ್ಪ ಏರಿಸಬೇಕು.

ನಾನು ಅವರಿಗೆ ಯಾವಾಗಲೂ ತಮಿಳಿನಲ್ಲೇ ಉತ್ತರಿಸುತ್ತಿದ್ದೆ. ಶಾಲೆ, ಕಾಲೇಜು ಎಲ್ಲ ಇಲ್ಲೇ. “ಓದ್ಲಿಕ್ಕೆ ಬರ್ಲಿ ಅಂತ ಕನ್ನಡ ಅಕ್ಷರ ಕಲಿಸಿದೆ. ಬಾಯಿಗೆ ಬೀಗ ಹಾಕ್ಕೊಂಡಿದ್ದೀಯಲ್ಲ ಮಾರಾಯ್ತಿ” ಎಂದು ಛೇಡಿಸುತ್ತಿದ್ದರು.

ಆ ಭಾನುವಾರ ನನ್ನ ಹುಟ್ಟುಹಬ್ಬ. ಗೊತ್ತು ಮಾಡಿದ್ದ ದೊಡ್ಡ ಹಾಲ್ ಕೊನೆಗಳಿಗೆಯಲ್ಲಿ ತಪ್ಪಿಹೋಗಿ, ಸಂಘಟಕ ಸೌಕಾರ್‌ಪೇಟೆಯ ಹಳೆಯ ಕಟ್ಟಡವೊಂದರ ಮಹಡಿ ಹಿಡಿದಿದ್ದ. ಹಿಂದೆ ಬಟ್ಟೆಯ ಗೋದಾಮಾಗಿದ್ದ ಜಾಗ. ಮರದ ತೊಲೆ, ಮರದ ನೆಲ, ಇಕ್ಕಟ್ಟಾದ ಒಂದೇ ಮೆಟ್ಟಿಲು. ಚಿಕ್ಕಮ್ಮ ಚಪ್ಪಾಳೆ ತಟ್ಟಿದರು, ಹಿಮ್ಮಡಿಯಿಂದ ನೆಲ ಕುಟ್ಟಿದರು. “ಅರ್ಧ ಜನ ಸಾಕಿಲ್ಲಿಗೆ” ಎಂದರು. “ಅಕ್ಕಾ, ಟೆನ್ಶನ್ ಆಗಾದೀಂಗ. ಎಲ್ಲಾರೂ ವರಮಾಟಾಂಗ” ಎಂದ ಸಂಘಟಕ. ಎಲ್ಲರೂ ಬರುವುದಿಲ್ಲವೆಂದು ಅವನ ಲೆಕ್ಕ. ಎಲ್ಲರೂ ಬಂದರು.

ನಮ್ಮಲ್ಲೊಂದು ರೂಢಿ ಇದೆ. ಹುಟ್ಟುಹಬ್ಬದವರನ್ನು ನಡುವೆ ನಿಲ್ಲಿಸಿ ಎಲ್ಲರೂ ಸುತ್ತ ಒತ್ತಾಗಿ ನಿಲ್ಲುತ್ತಾರೆ. ಒಬ್ಬೊಬ್ಬರಾಗಿ ಒಳನುಗ್ಗಿ ಅವರ ಕೈ ಹಿಡಿದು ಕುಣಿಯುತ್ತಾರೆ. ಉಳಿದವರು ತಾಳಕ್ಕೆ ಕಾಲು ಕುಟ್ಟುತ್ತಾರೆ. ಅಂದರೆ ಹಾಲ್‌ನ ಭಾರವೆಲ್ಲ ನಡುವಿಗೆ, ಒಂದೇ ತಾಳದಲ್ಲಿ.

ಸುತ್ತು ಕಟ್ಟುವ ಹೊತ್ತಿಗೆ ನಾನು ಚಿಕ್ಕಮ್ಮನ ಮೇಜಿನ ಪಕ್ಕದಲ್ಲಿದ್ದೆ. ಲೋಟದ ನೀರು ನಡುಗುತ್ತಿರಲಿಲ್ಲ. ತೂಗುತ್ತಿತ್ತು, ಒಂದಂಚಿನಿಂದ ಇನ್ನೊಂದಂಚಿಗೆ. ಅವರು ಹೆಡ್‌ಫೋನ್ ತೆಗೆದರು. ವೇಗದ ಹಾಡು ತೀರ ನಿಧಾನದ ಹಾಡಿನೊಳಗೆ ಕರಗಿತು. ಮೈಕ್‌ನಲ್ಲಿ ನಗುತ್ತಾ ತಮಿಳಿನಲ್ಲಿ ಹೇಳಿದರು: ಈ ಸಲ ಬರ್ತ್‌ಡೇ ಸುತ್ತು ಕೆಳಗೆ ಬೀದಿಯಲ್ಲಿ, ನಡುವಿನವರು ಮೊದಲು, ಉಳಿದವರು ಗೋಡೆಗೆ ಆತು ನಿಂತು ಕಾಯಬೇಕು, ಓಡಿದವರಿಗೆ ಕೇಕ್ ಇಲ್ಲ. ಎಲ್ಲರೂ ಹೋ ಎಂದರು.

ಮೈಕ್ ಮುಚ್ಚಿ ನನಗೆ ಮಾತ್ರ ಕನ್ನಡದಲ್ಲಿ ಹೇಳಿದರು. ಅಲ್ಲಿ ಬೇರೆ ಯಾರಿಗೂ ಕನ್ನಡ ಬರುತ್ತಿರಲಿಲ್ಲ. “ನೆಲ ಸರಿ ಇಲ್ಲ. ನಗ್ತಾ ಇಳಿ. ನೀ ಓಡಿದ್ರೆ ಎಲ್ಲರೂ ಓಡ್ತಾರೆ, ಮೆಟ್ಲಲ್ಲೇ ಸಾಯ್ತಾರೆ.”

“ನೀಂಗ?” ಎಂದೆ, ತಮಿಳಿನಲ್ಲೇ.

“ಹಾಡು ನಿಂತ್ರೆ ಎಲ್ಲ ಇತ್ತ ತಿರುಗ್ತಾರೆ. ಹೋಗು.” ಮತ್ತೆ, ನಾನು ತಿರುಗಿದ ಮೇಲೆ, “ಕನ್ನಡದಲ್ಲಿ ಕೇಳ್ಬಾರ್ದಾ ಒಮ್ಮೆಯಾದ್ರೂ” ಎಂದರು.

ನಾನು ನಗುತ್ತಾ ಇಳಿದೆ. ನನ್ನ ಹಿಂದೆ ಜನ ಇಳಿದರು. ಬೀದಿಯಲ್ಲಿ ಸುತ್ತು ಕಟ್ಟಿತು. ಮೇಲಿನ ಕಿಟಕಿಗಳಿಂದ ಹಾಡು ಬರುತ್ತಿತ್ತು. ಒಂದು ಮುಗಿಯುವ ಮುನ್ನ ಇನ್ನೊಂದು, ನಡುವೆ ಬಿರುಕಿಲ್ಲದೆ. ಯಾರೋ ನನ್ನ ಕೈ ಹಿಡಿದರು, ನಾನು ಕುಣಿದೆ. ಸಂಘಟಕನ ಕಿವಿಯಲ್ಲಿ ವಿಷಯ ಹೇಳಿದೆ, ಅವನು ಬಾಗಿಲಲ್ಲಿ ನಿಂತು ಮೇಲೆ ಹೋಗುವವರನ್ನು ತಡೆದ. ಮತ್ತೆ ಕುಣಿದೆ. ಕೊನೆಯ ಜೋಡಿ ಹೊಸ್ತಿಲು ದಾಟುತ್ತಿತ್ತು.

ಹಾಡು ಅರ್ಧಕ್ಕೇ ನಿಂತಿತು. ಕರೆಂಟ್ ಹೋಯಿತು ಎಂದುಕೊಂಡೆ. ಎದುರಿನ ಅಂಗಡಿಯಲ್ಲಿ ಫ್ಯಾನ್ ತಿರುಗುತ್ತಲೇ ಇತ್ತು. ನಾನು ಆ ಫ್ಯಾನನ್ನು ನೋಡುತ್ತಾ ನಿಂತೆ. ಆಮೇಲೆ ಸದ್ದು, ಬಾಗಿಲಿನಿಂದ ಧೂಳು.

ಸ್ಪೀಕರುಗಳು ಮತ್ತು ಮೇಜು ಇದ್ದ ಕಡೆಯ ತೊಲೆ ಮುರಿದಿತ್ತು. ಬೇರೆ ಯಾರಿಗೂ ಏನೂ ಆಗಲಿಲ್ಲ.

ಆಸ್ಪತ್ರೆಯ ಶವಾಗಾರದಲ್ಲಿ ಕೊಟ್ಟ ಬಟ್ಟೆಯ ಗಂಟಿನಲ್ಲಿ ಓಲೆ ಕತ್ತುಪಟ್ಟಿಯಲ್ಲೇ ಇತ್ತು, ತಿರುಪು ಬಿಗಿಯಾಗಿ. ಅಮ್ಮ ಅದನ್ನು ಬಿಚ್ಚಿ ಒರೆಸಿ ತಂಗಿಯ ಎಡಗಿವಿಗೆ ಹಾಕಿದಳು. ನಾನು ನೋಡುತ್ತಿದ್ದೆ. ಅಳು ಬರಲಿಲ್ಲ, ಇನ್ನೂ ಬಂದಿಲ್ಲ. ಎಲ್ಲಿ ಕೂತರೂ ಮೊದಲು ನೆಲವನ್ನು ಹಿಮ್ಮಡಿಯಿಂದ ಕುಟ್ಟುತ್ತೇನೆ. ಮನೆಯಲ್ಲಿ ಅಮ್ಮ ನೀರಿಟ್ಟರೆ ಕುಡಿಯದೆ ಲೋಟವನ್ನೇ ನೋಡುತ್ತೇನೆ. ನೀರು ಅಲುಗುವುದಿಲ್ಲ.

ಯಾರೂ ಇಲ್ಲದಾಗ ಮನಸ್ಸಿನಲ್ಲೇ ಆ ಮೆಟ್ಟಿಲವರೆಗೆ ಮತ್ತೆ ಹೋಗಿ, ತಿರುಗಿ ನಿಂತು, ಕೇಳುತ್ತೇನೆ. ಕನ್ನಡದಲ್ಲೇ.

ನೀವು?