ಹೊಸ್ತಿಲಾಚೆ ನಿಂತವರ ಸಹಿ

ಹುನಗುಂದ ತಾಲ್ಲೂಕಿನ ಒಂದು ಊರಿನ ಗ್ರಾಮಸಭೆಗೆ ನಾನು ಬಾಗಲಕೋಟೆಯಿಂದ ಪತ್ರಿಕೆಯ ವರದಿಗೆಂದು ಹೋಗಿದ್ದೆ. ಚರ್ಚೆಯ ವಿಷಯ ಒಂದೇ. ಹಿಂದಿನ ವರ್ಷ ಜೀತದಿಂದ ಬಿಡುಗಡೆಯಾದ ಗಂಡ ಹೆಂಡತಿಗೆ ಊರೊಳಗೆ, ಶಾಲೆಯ ಪಕ್ಕ ಮನೆ ಜಾಗ ಕೊಡಬೇಕೋ ಬೇಡವೋ. ಬಿಡುಗಡೆ ಪತ್ರ ಕೈಗೆ ಬಂದಿದ್ದರೂ ಬೇರೆ ಸೂರಿಲ್ಲದೆ ಅವರು ಮಲಗುತ್ತಿದ್ದುದು ಹಳೆಯ ಧಣಿಯ ದನದ ಕೊಟ್ಟಿಗೆಯಲ್ಲೇ.

ಪಂಚಾಯಿತಿ ಕಚೇರಿಯ ಒಳಗೆ ಕುಳಿತವರನ್ನು ಎಣಿಸಿ ಬರೆದುಕೊಂಡೆ. ವರದಿಗೆ ಹೋದಲ್ಲೆಲ್ಲ ಮೊದಲು ಮಾಡುವ ಕೆಲಸ ಅದು.

“ಅವರಿಗೆ ಇರಾಕ ಕೊಟ್ಟಿಗಿ ಐತಲ್ರಿ, ಮತ್ತ ಜಾಗಾ ಯಾಕ?” ಎಂದರು ಧಣಿಯ ತಮ್ಮ.

“ನೀವು ಒಂದಿನ ಮಲಗಿ ನೋಡ್ರಿ ಮಾವಾರ, ಹೊದ್ಕೊಂಡ ಕೌದಿ ಎಮ್ಮಿ ಎಳದು ಎಬ್ಬಸ್ತೈತಿ,” ಎಂದಳು ಹಿಂದೆ ಕುಳಿತ ಹೆಂಗಸೊಬ್ಬಳು. ಸಭೆ ನಕ್ಕಿತು.

ಧಣಿಯ ತಮ್ಮ ನಗಲಿಲ್ಲ. ಹಾಜರಿ ಪುಸ್ತಕ ತರಿಸಿ ನೋಡಿದರು. ಸಭೆ ನಡೆಸಲು ಬೇಕಾದ ಕೋರಂಗೆ ನಾಲ್ಕು ಸಹಿ ಕಡಿಮೆ. “ಸಭಾ ಮುಂದಕ್ಕ ಹಾಕ್ರಿ, ಸಾಹೇಬ್ರ.” ಮುಂದಕ್ಕೆ ಹೋದರೆ, ಮುಂದಿನ ಸಭೆ ಸೇರುವವರೆಗೆ ಇನ್ನು ಆರು ತಿಂಗಳು ಕೊಟ್ಟಿಗೆಯೇ ಗತಿ. ಪಂಚಾಯಿತಿ ಅಧಿಕಾರಿ ಪೆನ್ನಿಗೆ ಕ್ಯಾಪು ಹಾಕಿದರು.

ಆಗ ಬಾಗಿಲಾಚೆಯಿಂದ ದನಿ ಬಂತು. “ನಾವು ಇಲ್ಲೇ ನಿಂತೇವಲ್ರಿ. ನಮ್ಮನ್ನ ಎಣಸ್ರಿ.”

ಬಿಡುಗಡೆಯಾದ ಹೆಂಗಸೇ ಅದು. ಆಕೆ, ಆಕೆಯ ಗಂಡ, ಅವರಂತೆಯೇ ಪರರ ಹೊಲಮನೆಗಳಲ್ಲಿ ದುಡಿಯುವ ಇನ್ನೂ ನಾಲ್ವರು ಮೊದಲಿನಿಂದಲೂ ಬಾಗಿಲ ಹೊರಗಿನ ಕಟ್ಟೆಯ ಮೇಲೆ ನಿಂತಿದ್ದರು. ಧಣಿ ಮನೆಯವರು ಕುಳಿತಲ್ಲಿ ಹೊಸ್ತಿಲು ದಾಟದಿರುವುದು ಅವರಿಗೆ ರೂಢಿಯಾಗಿತ್ತು. ಅವರ ನಡುವೆಯೇ ಹಾದು ಒಳಗೆ ಬಂದಿದ್ದ ನಾನೂ ಅವರನ್ನು ಎಣಿಸಿರಲಿಲ್ಲ.

“ಒಳಗ ಬಂದು ಸಹಿ ಮಾಡ್ರೆವಾ,” ಎಂದರು ಅಧಿಕಾರಿ.

ಗಂಡ ಕದಲಲಿಲ್ಲ. “ಧಣ್ಯಾರು ಸಿಟ್ಟಾಗಿ ಕೊಟ್ಟಿಗಿನೂ ಬಿಡಸಿದ್ರ?”

“ಅಲ್ಲಿ ಮಲಗಿದ ಮ್ಯಾಲ ಮುಂಜಾನೆದ್ದು ಅವರ ದನದ ಶಗಣಿ ಬಳೀದ ಇರಾಕ ಆಕ್ಕೈತೇನು? ಬಿಡುಗಡಿ ಎಲ್ಲೈತಿ? ಬಾ,” ಎಂದು ಆಕೆ ಹೊಸ್ತಿಲು ದಾಟಿದಳು. ಹಿಂದೆ ಗಂಡ, ಅವನ ಹಿಂದೆ ಉಳಿದವರು. ಆತ ಹೆಬ್ಬೆಟ್ಟು ಒತ್ತಿದ. ಆಕೆ ಸಾವಕಾಶ, ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದಳು. ಕೋರಂ ತುಂಬಿ ಎರಡು ಹೆಚ್ಚಾಯಿತು.

ಜಾಗ ಕೊಡಬೇಕೆಂದು ಹೆಚ್ಚು ಕೈಗಳೆದ್ದವು. ಧಣಿಯ ತಮ್ಮ ಕೈ ಎತ್ತಲಿಲ್ಲ, ಎದ್ದೂ ಹೋಗಲಿಲ್ಲ. ನಾನು ಬರೆದಿದ್ದ ಸಂಖ್ಯೆಯನ್ನು ಹೊಡೆದುಹಾಕಿ, ಆರು ಕೂಡಿಸಿ ಬರೆದೆ.

ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತಿಗೆ ಮತ್ತೆ ಆ ಕಡೆ ಹೋದೆ. ಶಾಲೆಯ ಪಕ್ಕ ಗೋಡೆ ಎದೆಮಟ್ಟ ಎದ್ದಿತ್ತು, ಬಾಗಿಲ ಚೌಕಟ್ಟು ನಿಂತಿತ್ತು. ಚಾವಣಿ ಇನ್ನೂ ಇರಲಿಲ್ಲ. ಹಬ್ಬದ ಪೂಜೆಗೆ ಮಾಡಿದ ಎರಡು ಮಣ್ಣಿನ ಎತ್ತುಗಳನ್ನು ಆಕೆ ಒಳಗೆ ಬಿಸಿಲಿಗಿಟ್ಟಿದ್ದಳು. ನಾನು ಚೌಕಟ್ಟಿನ ಹೊರಗೇ ನಿಂತು ಮಾತಾಡಿಸಿದೆ.

“ಒಳಗ ಬರ್ರಿ ಸರ,” ಎಂದಳು. “ಹೊರಗ ನಿಂತವರನ್ನ ಯಾರೂ ಎಣಸಂಗಿಲ್ಲ.”