ಕಂಠಪೂರ್ತಿ

ಪಂಪಕ್ಕನ ಕೈಯಲ್ಲಿದ್ದ ಪೆಟ್ರೋಲ್ ಪಂಪಿನ ನಾಝಲ್ ಆರನೇ ಸಲ ‘ಟಕ್’ ಎಂದು ನಿಂತುಬಿಟ್ಟಿತು. ತಂಗಿಯ ಟ್ಯಾಕ್ಸಿಯೊಳಗೆ ಹೋಗಿದ್ದ ಪೆಟ್ರೋಲು ಇನ್ನೂ ಎರಡು ಲೀಟರೂ ಆಗಿರಲಿಲ್ಲ. ಟ್ಯಾಂಕು ನೋಡಿದರೆ ಬರಿದು, ಸುರಿಯಲು ಹೋದರೆ ಜಪ್ಪಯ್ಯ ಅಂದರೂ ಒಳಗೆ ಬಿಟ್ಟುಕೊಳ್ಳದ ಗಾಡಿ. ಹಿಂದೆ ಸಾಲುಗಟ್ಟಿದ್ದವರು ಹಾರ್ನ್ ಬಾರಿಸಿ ಕಿವಿ ತೂತು ಮಾಡುತ್ತಿದ್ದರು.

“ಸಾಕು ಬಿಡಕ್ಕ,” ಎಂದಳು ತಂಗಿ. “ಮೇಷ್ಟ್ರು ಕಾಯ್ತಿರ್ತಾರೆ.”

ಹೊಲಿಗೆ ಬಿಟ್ಟು, ಲೈಸೆನ್ಸ್ ಮಾಡಿಸಿ, ಯಾರೋ ಓಡಿಸಿದ ಕಾರು ಕೊಂಡು ತಂಗಿ ತನ್ನ ಕಾಲ ಮೇಲೆ ನಿಂತು ಎರಡು ವರ್ಷವಾಗಿತ್ತಷ್ಟೆ. ಡಯಾಲಿಸಿಸ್ ರೋಗಿಗಳನ್ನು ಮನೆಯಿಂದ ಆಸ್ಪತ್ರೆಗೆ ಕರೆತಂದು ತಿರುಗಿ ಮನೆ ಮುಟ್ಟಿಸುವುದು ಅವಳ ಕೆಲಸ. ಐದಾರು ಲೀಟರಿಗಿಂತ ಹೆಚ್ಚು ಹಾಕಿಸಿಕೊಳ್ಳುವಷ್ಟು ಹೊತ್ತು ಹಿಂದಿನವರು ಕಾಯುತ್ತಿರಲಿಲ್ಲ. ಹೀಗಾಗಿ ದಿನಕ್ಕೆ ಮೂರು ಸಲ ಬಂಕಿಗೆ ಓಡಿ ಬರುವುದು, ಮೂರು ಸಲವೂ ತಡ. ಹೋದ ವಾರ ಇದೇ ನಿವೃತ್ತ ಮೇಷ್ಟ್ರು ಮುಕ್ಕಾಲು ಗಂಟೆ ತಡವಾಗಿ ತಲುಪಿದರು. ಮುಂದಿನ ರೋಗಿಗೆ ಯಂತ್ರ ಬಿಡಬೇಕಲ್ಲ, ಅವರ ನಾಲ್ಕು ಗಂಟೆಯ ಡಯಾಲಿಸಿಸ್‌ನಲ್ಲಿ ಅಷ್ಟೂ ಕಡಿತವಾಯಿತು. ಆಸ್ಪತ್ರೆಯ ಗಾಡಿಗಳ ಉಸ್ತುವಾರಿಯಾಕೆ ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟಳು: ಸೋಮವಾರದೊಳಗೆ ಸರಿಹೋಗದಿದ್ದರೆ ಕೆಲಸ ಬೇರೆಯವರಿಗೆ.

ಪಂಪಕ್ಕ ಅಂಥಿಂಥವಳಲ್ಲ. ಹದಿನೆಂಟು ವರ್ಷದಿಂದ ಅದೇ ಬಂಕು, ಅದೇ ಎರಡನೇ ಪಂಪು. ಮುಚ್ಚಳ ತಿರುಗುವ ಸದ್ದಿನಲ್ಲೇ ಗಾಡಿಯ ವಯಸ್ಸು ಹೇಳುವವಳು. ನಾಝಲ್ ತಾನಾಗಿ ನಿಂತ ಮೇಲೂ ಮೆಲ್ಲಗೆ ಒತ್ತಿ ಒತ್ತಿ ಕಂಠಪೂರ್ತಿ ತುಂಬಿಸುವುದರಲ್ಲಿ ಅವಳದು ಎತ್ತಿದ ಕೈ. ಅದಕ್ಕೇ ಪಕ್ಕದ ಪಂಪು ಖಾಲಿ ಹೊಡೆಯುತ್ತಿದ್ದರೂ ಜನ ಅವಳ ಮುಂದೆಯೇ ಸಾಲು ನಿಲ್ಲುತ್ತಿದ್ದರು. ನಾಝಲ್ ನಿಂತ ಕೂಡಲೇ ಕೈ ಬಿಡಬೇಕೆಂದು ಮೇಲಿನವರು ಬಂದು ಪಾಠ ಹೇಳಿದ ದಿನ ಅವಳು ಎಲ್ಲರ ಎದುರೇ ಆಕಳಿಸಿದ್ದಳು. ಅಂಥವಳಿಗೆ ಒಂದು ಕಾರು ಬಗ್ಗುವುದಿಲ್ಲವೆಂದರೆ!

ನಾಝಲ್ಲನ್ನು ತಲೆಕೆಳಗು ಹಿಡಿದು ನೋಡಿದಳು. ಹನಿಹನಿಯಾಗಿ ಬಿಟ್ಟು ನೋಡಿದಳು. ತಂಗಿಯನ್ನು ಬೇರೆ ಬಂಕಿಗೆ ಕಳಿಸಿದಳು, ಅಲ್ಲೂ ಅದೇ ಹಾಡು. ಮೆಕ್ಯಾನಿಕ್ ಟ್ಯಾಂಕಿನ ಬಾಯಿಯ ಪೈಪು ಬದಲಿಸಿದ. ಏನೂ ಆಗಲಿಲ್ಲ.

“ಹಳೇ ಗಾಡಿ ಅಕ್ಕ, ಹೀಗೇ,” ಎಂದು ಅವನು ಕೈ ಚೆಲ್ಲಿದ.

“ಹೀಗೇ ಅಂದ್ರೆ ಹೇಗೆ? ಕಾರಣ ಸಿಗೋವರೆಗೂ ನಾನು ಇಲ್ಲಿಂದ ಏಳಲ್ಲ.”

ಮೂರು ವರ್ಷದಲ್ಲಿ ಮೊದಲ ಸಲ ರಜೆ ಹಾಕಿ, ಶನಿವಾರ ಬೆಳಗ್ಗೆಯೇ ತಂಗಿಯ ಜೊತೆ ಬಂದು ಗ್ಯಾರೇಜಿನ ಅಂಗಳದಲ್ಲಿ ಟೈರಿನ ಮೇಲೆ ಕೂತಿದ್ದಳು. ಮೆಕ್ಯಾನಿಕ್ ಟೀ ತರಿಸಿದ, ಕುಡಿದಳು. ಎದ್ದು ಹೋಗುತ್ತಾಳೇನೋ ಎಂದು ನೋಡಿದ, ಹೋಗಲಿಲ್ಲ. ಅವಳು ಆಲಿಕೆ ಬಿಗಿಯಾಗಿ ಕೂತ ಸೀಸೆಯನ್ನು ನೆನೆಯುತ್ತಿದ್ದಳು. ಒಳಗಿನ ಗಾಳಿಗೆ ದಾರಿ ಇಲ್ಲದಿದ್ದರೆ ಎಣ್ಣೆ ಇಳಿಯುವುದೇ ಇಲ್ಲ.

“ಪೆಟ್ರೋಲು ಒಳಗೆ ಬಂದ್ರೆ ಟ್ಯಾಂಕಲ್ಲಿರೋ ಗಾಳಿ ಎಲ್ಲಿಗೆ ಹೋಗುತ್ತೆ?”

“ಅಡಿಯಲ್ಲಿ ಇದ್ದಿಲು ತುಂಬಿದ ಒಂದು ಡಬ್ಬಿ ಇರುತ್ತೆ. ಪೆಟ್ರೋಲಿನ ಆವಿ ಹಿಡಿದಿಟ್ಟು ಗಾಳಿ ಮಾತ್ರ ಹೊರಗೆ ಬಿಡುತ್ತೆ.” ಮಾತು ಮುಗಿಯುವ ಮೊದಲೇ ಅವನಿಗೂ ಹೊಳೆಯಿತು. ಕಾರಿನಡಿ ತೂರಿ ಡಬ್ಬಿಯ ಕೊಳವೆ ಬಿಚ್ಚಿದ. ಪಂಪಕ್ಕ ಕ್ಯಾನಿನಿಂದ ಸುರಿದಳು. ಪೆಟ್ರೋಲು ಗಟಗಟನೆ ಇಳಿಯಿತು. ತಂಗಿ ಚಪ್ಪಾಳೆ ತಟ್ಟಿದಳು.

ಹಗುರಾಗಿರಬೇಕಾದ ಡಬ್ಬಿ ಇಟ್ಟಿಗೆಯಷ್ಟು ಭಾರವಿತ್ತು. ಬಗ್ಗಿಸಿದರೆ ಕಪ್ಪು ಪುಡಿಯ ಜೊತೆ ಪೆಟ್ರೋಲು ತೊಟ್ಟಿಕ್ಕಿತು.

“ಆವಿ ಬರೋ ಜಾಗಕ್ಕೆ ಪೆಟ್ರೋಲೇ ಬಂದಿದೆ,” ಎಂದ ಮೆಕ್ಯಾನಿಕ್. “ನಾಝಲ್ ನಿಂತ ಮೇಲೂ ಯಾರೋ ತುರುಕಿದ್ದಾರೆ. ಒಂದೆರಡು ಸಲಕ್ಕೆ ಏನಾಗಲ್ಲ, ದಿನಾ ಮಾಡಿದ್ರೆ ಇದೇ ಗತಿ.”

“ಆ ಹಿಂದಿನ ಓನರೇ!” ತಂಗಿ ಸಿಡಿದಳು. “ತಡಿ, ಅವನ ಜನ್ಮ ಜಾಲಾಡ್ತೀನಿ.” ಫೋನು ಹೊರಗೆ ಬಂತು. ಮೆಕ್ಯಾನಿಕ್ಕೂ ಹೌದೌದೆಂದು ತಲೆಯಾಡಿಸುತ್ತಿದ್ದ.

ಪಂಪಕ್ಕ ಡಬ್ಬಿಯನ್ನು ಕೈಗೆತ್ತಿಕೊಂಡಳು. ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ.

“ಫೋನ್ ಇಡು. ಅದು ನಾನೇ.”

“ಏನು ನೀನೇ?”

“ತುರುಕಿದ್ದು. ಎರಡು ವರ್ಷ, ದಿನಾ. ನನ್ನ ತಂಗಿ ಗಾಡಿ ಅಂತ ಬೇರೆಯವರಿಗಿಂತ ಜಾಸ್ತಿನೇ.”

ತಂಗಿಯ ಮುಖ ಕೆಂಪೇರಿತು. “ನನ್ನ ಕೆಲಸ ಹೋದ್ರೆ?”

“ಹೋಗೋಕೆ ಬಿಡಲ್ಲ.”

ಭಾನುವಾರ ಇಬ್ಬರೂ ಹಳೇ ಬಿಡಿಭಾಗದ ಅಂಗಡಿಗಳನ್ನೆಲ್ಲ ಸುತ್ತಿ ನಾಲ್ಕನೆಯದರಲ್ಲಿ ಅಂಥದ್ದೇ ಡಬ್ಬಿ ಪತ್ತೆ ಮಾಡಿದರು, ಹೋಟೆಲಿನ ಒಂದೇ ಬೆಂಚಿನ ಮೇಲೆ ಪಕ್ಕಪಕ್ಕ ಕೂತು ಒಂದಕ್ಷರ ಆಡದೆ ಊಟ ಮಾಡಿದರು. ಡಬ್ಬಿ ಕೂರಿಸಿದ ಮೇಲೆ ಪಂಪಕ್ಕನೇ ಪೆಟ್ರೋಲು ಹಾಕಿದಳು. ಟ್ಯಾಂಕು ತುಂಬುವವರೆಗೆ ನಾಝಲ್ ಒಮ್ಮೆಯೂ ತಡವರಿಸಲಿಲ್ಲ. ನಿಂತಾಗ ಬೆರಳು ತುರಿಸಿತು. ಕೈಯನ್ನು ಜೇಬಿಗೆ ಹಾಕಿಕೊಂಡಳು.

ಸೋಮವಾರ ಬಂಕಿನ ಸಮವಸ್ತ್ರದಲ್ಲೇ ತಂಗಿಯ ಜೊತೆ ಆಸ್ಪತ್ರೆಗೆ ಹೋಗಿ ಉಸ್ತುವಾರಿಯಾಕೆಯ ಮೇಜಿನ ಮುಂದೆ ನಿಂತಳು. “ಗಾಡಿ ಕೆಟ್ಟಿದ್ದು ನನ್ನಿಂದ. ಇವಳದ್ದೇನೂ ತಪ್ಪಿಲ್ಲ. ಈಗ ಸರಿ ಇದೆ, ಬೇಕಾದ್ರೆ ಬಂದು ನೋಡಿ.” ಆಕೆ ಗಡಿಯಾರ ನೋಡಿದಳು. ಮೇಷ್ಟ್ರು ಅಂದು ಹತ್ತು ನಿಮಿಷ ಮೊದಲೇ ಬಂದಿದ್ದರು. ವಾರದ ಪಟ್ಟಿಯಲ್ಲಿ ತಂಗಿಯ ಹೆಸರು ಉಳಿಯಿತು.

ಪಂಪಕ್ಕ ಅಷ್ಟಕ್ಕೇ ಬಿಡಲಿಲ್ಲ. ಮೇಷ್ಟ್ರ ಮಂಚದ ಬಳಿಗೆ ಹೋಗಿ ಎಲ್ಲವನ್ನೂ ಹೇಳಿದಳು. “ನಿಮ್ಮ ಮುಕ್ಕಾಲು ಗಂಟೆ ತಿಂದವಳು ನಾನು, ಮೇಷ್ಟ್ರೇ. ಕ್ಷಮಿಸಿ.”

ಮೇಷ್ಟ್ರು ತಮ್ಮ ಕಾಲುಗಳತ್ತ ಕೈ ತೋರಿಸಿದರು. ಬಾತುಕೊಂಡ ಪಾದಗಳು ಹೊದಿಕೆಯ ಹೊರಗಿದ್ದವು.

“ದಿನಕ್ಕೆ ಇಷ್ಟೇ ನೀರು ಅಂತ ಡಾಕ್ಟ್ರು ಗೆರೆ ಎಳೆದಿದ್ದಾರಮ್ಮ. ನನ್ನಾಕೆ ಮಾತ್ರ, ಪಾಪ ಬಾಯಾರಿದೆ ಅಂತ ಅದರ ಮೇಲೆ ಇನ್ನರ್ಧ ಲೋಟ ಕೊಡ್ತಾಳೆ. ಬೇಡ ಅಂದ್ರೆ ಮುಖ ಸಣ್ಣ ಮಾಡ್ಕೋತಾಳೆ. ಅದಕ್ಕೇ ಕುಡೀತೀನಿ. ಆಮೇಲೆ ಮಲಗೋಕಾಗಲ್ಲ, ಉಸಿರು ಕಟ್ಟುತ್ತೆ.”

ಪಂಪಕ್ಕ ಆ ಪಾದಗಳನ್ನು ನೋಡಿದಳು. “ನಿಮ್ಮ ಮನೆ ಎಲ್ಲಿ? ನಿಮ್ಮಾಕೆ ಹತ್ರ ಒಂದು ಮಾತಾಡ್ಬೇಕು,” ಎಂದಳು.

“ನಂಗೊತ್ತು, ಬಾ ಅಕ್ಕ, ನಾನು ಕರ್ಕೊಂಡು ಹೋಗ್ತೀನಿ,” ಎಂದಳು ಹಿಂದೆ ನಿಂತಿದ್ದ ತಂಗಿ. ಶನಿವಾರದಿಂದೀಚೆಗೆ ಅವಳು ಅಕ್ಕನ ಜೊತೆ ಆಡಿದ ಮೊದಲ ಮಾತು ಅದು.